‘ಬದಲಾಗಿಲ್ಲ’ ಎಂಬ ಉತ್ತರ

ಯಾರೇನು ಕೇಳಿದರೂ ತಡಮಾಡದೆ ಉತ್ತರ ಕೊಡುವುದು ನನ್ನ ಚಾಳಿ. ತೆಲುಗು ಸೀಮೆಯ ಮಾದಾಪುರದ ಕಚೇರಿಯೊಂದರಲ್ಲಿ ಫೈರ್‌ವಾಲ್ ಕಾಯುವವನಿಗೆ ಅಷ್ಟು ಧಿಮಾಕು ಇರಲೇಬೇಕು. ಇಂಟರ್ನೆಟ್ಟಿನಿಂದ ಕಚೇರಿಯ ಕಂಪ್ಯೂಟರುಗಳಿಗೆ ಬರುವುದೆಲ್ಲ ನನ್ನ ಅಪ್ಪಣೆ ಪಡೆದೇ ಒಳಗೆ ಬರಬೇಕು. ಮನೆಯಲ್ಲಿ ಈ ದರ್ಬಾರು ನಡೆಯುವುದಿಲ್ಲ, ಆ ಮಾತು ಬೇರೆ.

ಬ್ರೌಸರು ಬಲು ಜಿಪುಣ. ಒಮ್ಮೆ ನೋಡಿದ ಪುಟದ ಪ್ರತಿಯನ್ನು ಎತ್ತಿಟ್ಟುಕೊಂಡಿರುತ್ತದೆ. ಮತ್ತೆ ಬೇಕಾದಾಗ ಮೂಲ ಪುಟ ಇಟ್ಟುಕೊಂಡಿರುವ ಸರ್ವರಿಗೆ, ‘ನನ್ನ ಪ್ರತಿಯ ಗುರುತು ಇದು, ಬದಲಾಗಿದ್ದರಷ್ಟೇ ಹೊಸದು ಕೊಡು’ ಎಂದು ಚೀಟಿ ಕಳಿಸುತ್ತದೆ. ಬದಲಾಗದಿದ್ದರೆ ಸರ್ವರು 304 ಎಂದು ಮೂರಂಕಿ ಗೀಚಿ ಸುಮ್ಮನಾಗುತ್ತದೆ. ‘ಏನ್ರೀ ವಿಶೇಷ?’ ಎಂದರೆ ನಾವು ‘ಏನಿಲ್ಲ’ ಅನ್ನುತ್ತೇವಲ್ಲ, ಹಾಗೆ. ಇಂಟರ್ನೆಟ್ ಚುರುಕಾಗಲೆಂದು ನಾನು ಇನ್ನೂ ಒಂದು ಜಾಣತನ ಮಾಡಿದ್ದೆ: ಫೈರ್‌ವಾಲೇ ಒಂದು ಪ್ರತಿ ಇಟ್ಟುಕೊಂಡು, ಸರ್ವರನ್ನು ಕೇಳುವ ಗೋಜಿಗೆ ಹೋಗದೆ, ವಾರವಿಡೀ ‘ಬದಲಾಗಿಲ್ಲ’ ಎಂದು ತಾನೇ ಹೇಳಿಬಿಡುತ್ತಿತ್ತು. ಎಲ್ಲರೂ ಹೊಗಳಿದರು. ನಾನು ಉಬ್ಬಿದೆ.

ನಮ್ಮ ಮಹಡಿ ಗುಡಿಸುವ ಶಾಂತವ್ವ ಯಾದಗಿರಿ ಕಡೆಯಾಕೆ. ಎಲ್ಲರೊಡನೆ ತೆಲುಗು, ನನ್ನೊಡನೆ ಕನ್ನಡ. ಆಕೆಯ ಮಗಳು ನರ್ಸಿಂಗ್ ಪ್ರವೇಶ ಪರೀಕ್ಷೆಗೆ ಕಟ್ಟಿದ್ದಳು. ಪರೀಕ್ಷಾ ಕೇಂದ್ರ ಉಪ್ಪಲ್ ಎಂದು ಕಚೇರಿಯ ಕಂಪ್ಯೂಟರಿನಲ್ಲಿ ಸೋಮವಾರವೇ ನೋಡಿ ಹೇಳಿದ್ದೆ. ಗುರುವಾರ ಶಾಂತವ್ವ ಬಂದು, “ಸರ, ಹುಡುಗಿ ಫೋನಿನ್ಯಾಗ ಸನತ್‌ನಗರ ಅಂತ ತೋರ್ಸಾಕತ್ತೈತ್ರಿ” ಎಂದಳು. ಪುಟ ತೆರೆದೆ, ಉಪ್ಪಲ್. ರಿಫ್ರೆಶ್ ಒತ್ತಿದೆ, ಉಪ್ಪಲ್.

“ಆ ಒಡಕ ಫೋನ್ ನಂಬ್ತಿಯೇನವ್ವಾ? ಉಪ್ಪಲ್ಲೇ ಐತಿ” ಎಂದೆ. ಆಕೆ ನನ್ನನ್ನೇ ನಂಬಿದಳು.

ಪರೀಕ್ಷೆಯ ಹಿಂದಿನ ದಿನ ಕೇಂದ್ರವನ್ನು ಕಣ್ಣಾರೆ ನೋಡಿ ಬರುವುದು ನಮ್ಮ ಜನರ ಪದ್ಧತಿ. ತಾಯಿ ಮಗಳು ಮೆಟ್ರೊ ಹತ್ತಿ ಉಪ್ಪಲ್‌ಗೆ ಹೋದರೆ, ಇಲ್ಲಿ ಯಾವ ಪರೀಕ್ಷೆಯೂ ಇಲ್ಲ ಎಂದ ಗೇಟಿನವನು. ಅಲ್ಲಿಂದ ಊರಿನ ಇನ್ನೊಂದು ದಿಕ್ಕಿನ ಸನತ್‌ನಗರಕ್ಕೆ ಓಡಿ, ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ಮಗಳ ನಂಬರು ಕಂಡ ಮೇಲೆಯೇ ಶಾಂತವ್ವನ ಜೀವಕ್ಕೆ ಸಮಾಧಾನವಾಯಿತಂತೆ. ಮರುದಿನ ಪರೀಕ್ಷೆಯೂ ಸುಸೂತ್ರವಾಗಿ ಮುಗಿಯಿತು.

ಕೇಂದ್ರ ವಾರದ ನಡುವೆ ಬದಲಾಗಿತ್ತು; ಹುಡುಗಿಯ ಫೋನು ನೇರ ಸರ್ವರನ್ನೇ ಕೇಳಿತ್ತು, ನನ್ನ ಫೈರ್‌ವಾಲು ಕೇಳಿರಲಿಲ್ಲ. ಇದನ್ನು ಕೇಳಿ ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಹೆದರಿಕೆ. ಅವರು ಮೊದಲೇ ಹೋಗಿ ನೋಡದಿದ್ದರೆ ಆ ಹುಡುಗಿಯ ಒಂದು ವರ್ಷ ನನ್ನ ಜಾಣತನಕ್ಕೆ ಬಲಿಯಾಗುತ್ತಿತ್ತು. ಅಂದೇ ಆ ನಿಯಮ ಅಳಿಸಿದೆ. ಈಗ ಫೈರ್‌ವಾಲು ಪ್ರತಿ ಸಲ ಸರ್ವರನ್ನು ವಿಚಾರಿಸಿಯೇ ಬಾಯಿ ಬಿಡುತ್ತದೆ. ತುಸು ನಿಧಾನವೆಂದು ಗೊಣಗುವವರು ಗೊಣಗಲಿ. ಗೊತ್ತಿಲ್ಲದ್ದನ್ನು ಎಲ್ಲರೂ ಕೇಳುತ್ತಾರೆ. ಗೊತ್ತಿದೆ ಎಂದುಕೊಂಡದ್ದನ್ನು ಮತ್ತೊಮ್ಮೆ ಕೇಳುವುದೇ ಕಷ್ಟ.

ಶಾಂತವ್ವನ ಬಳಿ ಹೋಗಿ, ಯಂತ್ರ ಯಾರನ್ನೂ ಕೇಳದೆ ಹಳೆಯದನ್ನೇ ಹೇಳಿತ್ತು, ಹಾಗೆ ಮಾಡಿಸಿದವನು ನಾನೇ ಎಂದು ತಪ್ಪೊಪ್ಪಿಕೊಂಡೆ. ಆಕೆ ಬೈಯಲಿಲ್ಲ. “ರಿಸಲ್ಟ್ ಬಂದ ದಿನ ನಾನ ನೋಡಿ ಹೇಳ್ತೀನಿ” ಎಂದೆ, ಪ್ರಾಯಶ್ಚಿತ್ತದ ಹುಮ್ಮಸ್ಸಿನಲ್ಲಿ.

ಕಸಬರಿಗೆಯನ್ನು ಗೋಡೆಗೆ ಆನಿಸಿ ಶಾಂತವ್ವ ನಕ್ಕಳು.

“ನೋಡಿ ಹೇಳಬ್ಯಾಡ್ರಿ ಸರ, ಕೇಳಿ ಹೇಳ್ರಿ.”