ಓಣಿಯುದ್ದದ ಹಾಸು

ಇಳಕಲ್ಲಿನ ಪೇಟೆ ಬೆಳೆದ ಬಗೆಯನ್ನು ಈಗ ಎಲ್ಲರೂ ಹೊಗಳುತ್ತಾರೆ. ಹೊಗಳಲಿ. ಬಾಗಲಕೋಟೆಯಲ್ಲಿ ರೈಲಿನಿಂದ ಇಳಿದ ನೂಲು ಚಕ್ಕಡಿ ಏರಿ ಬರತೊಡಗಿದ ಮೇಲೆ ಸೀರೆಯ ಅಂಗಡಿ, ಬಣ್ಣದ ಅಂಗಡಿ, ಪುಟಾಣಿಯ ಅಂಗಡಿ ಎಲ್ಲ ಒಂದರ ಬೆನ್ನಿಗೊಂದು ಎದ್ದವು, ಖರೆ. ನನಗೆ ಮಾತ್ರ ಪೇಟೆ ಎಂದರೆ ಹಾಸು ಹಾಳಾದ ಆ ಮುಂಜಾನೆ ನೆನಪಾಗಿ ಈಗಲೂ ಮೈ ಉರಿಯುತ್ತದೆ.

ನಮ್ಮದು ನೇಕಾರರ ಓಣಿ. ಸೀರೆಯ ಉದ್ದನೆಯ ಎಳೆಗಳಿಗೆ ಹಾಸು ಎನ್ನುತ್ತೇವೆ. ಮಗ್ಗಕ್ಕೆ ಏರಿಸುವ ಮೊದಲು ಅದನ್ನು ಓಣಿಯುದ್ದಕ್ಕೂ ಕಟ್ಟಿ, ಗಂಜಿ ಸವರಿ, ಕುಂಚದಿಂದ ತೀಡಿ ಒಣಗಿಸಬೇಕು. ಹಸಿ ಇರುವಾಗ ಬಿಚ್ಚಿದರೆ ಎಳೆಗೆ ಎಳೆ ಅಂಟಿ ಹಗ್ಗವಾಗುತ್ತದೆ. ಅದಕ್ಕೇ ಹಾಸು ಕಟ್ಟಿದ ಹೊತ್ತಿನಲ್ಲಿ ಮದುವೆಯ ದಿಬ್ಬಣ ಕೂಡ ಸುತ್ತು ಹಾಕಿ ಹೋಗುತ್ತಿತ್ತು.

ಓಣಿಯ ತುದಿಗೆ, ಪೇಟೆಗೆ ಮುಖ ಮಾಡಿ, ಸಾಹುಕಾರರೊಬ್ಬರು ಮಾಳಿಗೆಯ ಅಂಗಡಿ ಕಟ್ಟಿಸಿದರು. ಅವರಿಗೆ ಸೀರೆ ನೇಯುತ್ತಿದ್ದವರು ನಾವೇ. ಅಂದು ಅವರದೇ ಸೀರೆಗಳ ಹಾಸು ಕಟ್ಟಿದ್ದೆವು; ನಾನು ಗಂಜಿ ಕಾಯಿಸಿ ಕೊಟ್ಟಿದ್ದೆ, ನಮ್ಮ ಯಜಮಾನರು ಒಂದು ಸಲ ತೀಡಿ ಮುಗಿಸಿದ್ದರು. ಅಷ್ಟರಲ್ಲಿ ಅಂಗಡಿಯ ಸರಕು ಹೊತ್ತ ಮೂರು ಚಕ್ಕಡಿಗಳು ಓಣಿಗೆ ನುಗ್ಗಿದವು. ಮುಂದೆ ಸಾಹುಕಾರರೇ.

"ತಗೀರಿ, ತಗೀರಿ! ಹಾದಿ ಅಂದ್ರ ನಿಮ್ಮ ಅಡಗಿಮನಿ ಏನು?"

"ಒಂದ್ ತಾಸು ನಿಲ್ರಿ ಸಾವ್ಕಾರ್ರ, ಹಸಿ ಐತಿ," ಎಂದರು ಯಜಮಾನರು.

"ಪೇಟಿ ಬೆಳದೈತಿ. ನಿಮ್ಮ ಗಂಜಿ ಆರೂತನಕ ಗಿರಾಕಿ ಕಾಯಬೇಕೇನು?"

ಯಜಮಾನರು ಜಗಳ ಅರಿಯದವರು. ಬಿಚ್ಚಿದರು. ಸಾಹುಕಾರರಿಗಿಂತ ಆ ಬಿಚ್ಚಿದ ಕೈಗಳ ಮೇಲೆಯೇ ನನಗೆ ಹೆಚ್ಚು ಸಿಟ್ಟು ಬಂತು. ಪಡಸಾಲೆಯಲ್ಲಿ ಮುದ್ದೆಯಾಗಿ ಬಿದ್ದ ಹಾಸನ್ನು ಮಧ್ಯಾಹ್ನದವರೆಗೆ ಬಿಡಿಸಿದೆವು. ಎಳೆಗಳು ಕಿತ್ತುಬಂದವು.

"ಹೋಗ್ಲಿ ಬಿಡು," ಎಂದರು.

"ಏನ್ ಬಿಡೂದು? ಇವತ್ತ ಓಣಿ ಬಿಟ್ರಿ, ನಾಳೆ ಮಗ್ಗಾನೂ ಬಿಡ್ರಿ!"

ಮರುದಿನ ಇನ್ನೊಂದು ಹಾಸು ಹೊತ್ತುಕೊಂಡು, ಓಣಿಯ ನಾಲ್ವರು ಹೆಂಗಸರನ್ನು ಕರೆದುಕೊಂಡು ಸೀದಾ ಪೇಟೆಗೆ ನಡೆದೆ. ಸಾಹುಕಾರರ ಅಂಗಡಿಯ ಮುಂದೆಯೇ ಗೂಟ ಹೊಡೆದು ಕಟ್ಟಿ ಗಂಜಿ ಸವರಿದೆವು. ಯಜಮಾನರು ತಲೆ ತಗ್ಗಿಸಿಕೊಂಡು ಹಿಂದೆ ಬಂದರು.

"ಏನಬೇ ಇದು? ಹುಚ್ಚ ಹಿಡದೈತೇನು?" ಸಾಹುಕಾರರು ಗಾದಿಯಿಂದ ಎದ್ದರು.

"ಓಣಿ ಸಣ್ಣದಾತ್ರಿ. ಪೇಟಿ ಬೆಳದೈತಿ ಅಂದ್ರಲ್ಲ, ಇಲ್ಲೇ ಬಂದ್ವಿ."

ಒಳಗೆ ಹುನಗುಂದದಿಂದ ಬಂದ ಗಿರಾಕಿಯೊಬ್ಬಳು ಮಗಳ ಮದುವೆಯ ಸೀರೆ ಕೇಳುತ್ತ ಕುಳಿತಿದ್ದಳು. ನಾನು ಉಡಿಯಿಂದ ಹಿಂದಿನ ದಿನ ಕಿತ್ತುಬಂದ ಎಳೆಗಳ ಮುದ್ದೆ ತೆಗೆದು ಗಾದಿಯ ಮೇಲೆ ಒಗೆದೆ.

"ತಗೋಳ್ರಿ ಯವ್ವಾ, ನಿಮ್ಮ ಸೀರಿ. ಸಾವ್ಕಾರ್ರ ಚಕ್ಕಡಿಗೆ ಭಾಳ ಅವಸರಿತ್ತು."

ಆಕೆ ಅದನ್ನು ಎತ್ತಿ ನೋಡಿ, ಚಪ್ಪಲಿ ಮೆಟ್ಟಿ ಎದುರಿನ ಅಂಗಡಿಗೆ ಹೋದಳು. ಸಾಹುಕಾರರ ಮುಖ ಕಪ್ಪಿಟ್ಟಿತು. ತಪ್ಪಾಯಿತು ಎಂದು ಅವರ ಬಾಯಿಂದ ಬರಲೇ ಇಲ್ಲ. ಚಕ್ಕಡಿಯವರತ್ತ ತಿರುಗಿ, "ನಾಳಿಂದ ಮುಂಜಾನಿ ಓಣಿ ಬಿಟ್ಟು ಕೆರಿ ಕಡಿಯಿಂದ ಹೊಡೀರಿ," ಎಂದರಷ್ಟೆ.

"ಇನ್ನ ಬಿಚ್ಚೂಣು, ನಡಿ," ಎಂದು ಯಜಮಾನರು ಮೆಲ್ಲಗೆ ಅಂದರು.

ನಾನು ಅವರ ಕೈಗೆ ಕುಂಚ ಕೊಟ್ಟೆ.