ಹನ್ನೆರಡನೆಯ ಗುಂಡು

ದರ್ಜಿಯವನು ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುವಾಗ ಅದರ ವಾಸನೆ ಮೂಗಿಗೆ ಬಡಿದರೆ ಸಾಕು, ಇಂದಿಗೂ ನನಗೆ ಗುರುವಾರದ ಸಂಜೆ ನೆನಪಾಗುತ್ತದೆ. ಊರಿಗೆಲ್ಲ ಭಾನುವಾರ ರಜೆಯಾದರೆ ನಮ್ಮ ಕಮಲತ್ತೆಗೆ ಗುರುವಾರ, ಏಕೆಂದರೆ ಅವಳು ಕೆಲಸ ಮಾಡುತ್ತಿದ್ದ ಭೋಸರಿಯ ಕಾರ್ಖಾನೆ ಮುಚ್ಚಿರುತ್ತಿದ್ದದ್ದು ಆವತ್ತೇ. ಅಪ್ಪನ ಅಕ್ಕ ಅವಳು. ಧಾರವಾಡದಲ್ಲಿ ಓದು ಮುಗಿಸಿ ನಮ್ಮ ಜೊತೆ ಪುಣೆಗೆ ಬಂದವಳು ಮದುವೆಯ ಗೋಜಿಗೇ ಹೋಗದೆ, ಬೇರಿಂಗಿನ ಉಕ್ಕಿನ ಗುಂಡುಗಳನ್ನು ಅಳೆದು ನೋಡುವ ಕೆಲಸಕ್ಕೆ ಸೇರಿದ್ದಳು. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಗುಂಡನ್ನು ಪಕ್ಕಕ್ಕೆ ಎಸೆಯುವುದು ಅವಳ ಕಸುಬು. ಹಾಗೆ ಎಸೆದವುಗಳಲ್ಲಿ ಕೆಲವನ್ನು ಕೇಳಿ ತಂದು ಬಿಸ್ಕತ್ತಿನ ಹಳೆಯ ಡಬ್ಬಿಯಲ್ಲಿ ಇಟ್ಟಿದ್ದಳು. ಮುಚ್ಚಳ ತೆಗೆದರೆ ಯಂತ್ರದ ಎಣ್ಣೆಯ ಆ ತಣ್ಣನೆಯ ವಾಸನೆ. ಅವಳ ಬೆರಳುಗಳಿಗೂ ಅದೇ ವಾಸನೆ ಇರುತ್ತಿತ್ತು, ಅವಳು ಕಲಸಿದ ಅನ್ನಕ್ಕೂ ಸ್ವಲ್ಪ ಇತ್ತೇನೋ ಎಂದು ಈಗ ಅನ್ನಿಸುತ್ತದೆ.

ನಮ್ಮ ಮನೆ ಗುಲ್ಟೇಕಡಿಯಲ್ಲಿ, ಮಾರ್ಕೆಟ್ ಯಾರ್ಡಿನಿಂದ ನಡೆದು ಹೋಗುವಷ್ಟು ದೂರದಲ್ಲಿತ್ತು. ಗಾಳಿ ತಿರುಗಿದಂತೆ ಒಮ್ಮೆ ಈರುಳ್ಳಿ, ಒಮ್ಮೆ ಬೆಲ್ಲ ಮೂಗಿಗೆ ಬರುತ್ತಿತ್ತು. ಗುರುವಾರ ಶಾಲೆಯಿಂದ ಬಂದು ಚೀಲ ಎಸೆದವರೇ ನಾವು ಮೂವರು ಅತ್ತೆಯ ಕೋಣೆಗೆ ನುಗ್ಗುತ್ತಿದ್ದೆವು: ನಾನು, ನನ್ನ ತಮ್ಮ ಪಾಂಡು, ಮತ್ತು ಕೆಳಗಿನ ಮನೆಯ ಮರಾಠಿ ಹುಡುಗಿ ಶುಭಾಂಗಿ. ನಮ್ಮ ಮನೆಯಲ್ಲೇ ಬೆಳೆದವಳಂತೆ ಅವಳು ನಮ್ಮ ಕನ್ನಡವನ್ನೇ ಮಾತಾಡುತ್ತಿದ್ದಳು. ವಾರಕ್ಕೊಂದು ಲೆಕ್ಕ. ಐದು ಲೀಟರಿನ ಒಂದು ಬಕೆಟ್, ಮೂರು ಲೀಟರಿನ ಒಂದು ಬಕೆಟ್, ಸರಿಯಾಗಿ ನಾಲ್ಕು ಲೀಟರ್ ನೀರು ಅಳೆದು ಕೊಡಬೇಕು ಎಂದು ಅತ್ತೆ ಹೇಳಿದ ವಾರ ಪಾಂಡು ಬಚ್ಚಲನ್ನೆಲ್ಲ ಕೆರೆ ಮಾಡಿ ಅವ್ವನ ಕೈಯಲ್ಲಿ ಬೈಸಿಕೊಂಡ. ಉತ್ತರ ಹೊಳೆದವರು ಅದನ್ನು ಅತ್ತೆಯ ಕಿವಿಯಲ್ಲಿ ಮಾತ್ರ ಹೇಳಬೇಕು, ಆಮೇಲೆ ಮಾಡಿ ತೋರಿಸಬೇಕು. ಬರೀ ಬಾಯಿಮಾತು ಅವಳಿಗೆ ನಡೆಯುತ್ತಿರಲಿಲ್ಲ. "ಬ್ಯಾರೇದವ್ರಿಗೆ ಉತ್ತರಾ ಹೇಳಿದ್ರ, ಅವ್ರ ಪಾಲಿನ ಖುಷಿ ನೀ ತಿಂದಂಗ," ಎನ್ನುತ್ತಿದ್ದಳು. ಮೊದಲು ಬಿಡಿಸಿದವರಿಗೆ ಒಂದು ಶೇಂಗಾ ಉಂಡಿ, ಜೊತೆಗೆ ಮುಂದಿನ ಗುರುವಾರ ಉಳಿದವರಿಗೆ ತಾವೇ ಲೆಕ್ಕ ಹಾಕುವ ಹಕ್ಕು. ಉಂಡಿಯನ್ನು ಯಾರಾದರೂ ಬಿಟ್ಟಾರು, ಆ ಹಕ್ಕಿಗಾಗಿ ನಾವು ಜೀವ ಬಿಡುತ್ತಿದ್ದೆವು.

ಒಂದು ಗುರುವಾರ ಅತ್ತೆ ಒಂಬತ್ತು ಗುಂಡುಗಳನ್ನು ಚಾಪೆಯ ಮೇಲೆ ಸುರಿದಳು. ಪಕ್ಕದಲ್ಲಿ ಅಜ್ಜ ಏಲಕ್ಕಿ ತೂಗುತ್ತಿದ್ದ ಸಣ್ಣ ಹಿತ್ತಾಳೆಯ ತಕ್ಕಡಿ. ಒಂದು ಗುಂಡು ಮಾತ್ರ ಉಳಿದವುಗಳಿಗಿಂತ ಒಂದಿಷ್ಟು ಭಾರ, ಎರಡೇ ಸಲ ತೂಗಿ ಅದನ್ನು ಹುಡುಕಬೇಕು. ಪಾಂಡು ಒಂದೊಂದನ್ನೂ ನೆಕ್ಕಿ ನೋಡಿ, "ಭಾರ ಇದ್ದದ್ದು ಭಾಳ ತಂಪಿರ್ತದ," ಎಂದ. ನಾನು ನಾಲ್ಕು ನಾಲ್ಕಾಗಿ ತೂಗುತ್ತ ಪ್ರತಿ ಸಲವೂ ಮೂರನೆಯ ತೂಕಕ್ಕೆ ಬಂದು ನಿಲ್ಲುತ್ತಿದ್ದೆ. ಶುಭಾಂಗಿ ತಕ್ಕಡಿಯನ್ನು ಮುಟ್ಟಲೇ ಇಲ್ಲ. ಗೋಡೆಗೊರಗಿ, ಜಡೆಯ ತುದಿ ಕಚ್ಚುತ್ತ ಸುಮ್ಮನೆ ಕೂತಿದ್ದಳು. ಎರಡು ದಿನದ ನಂತರ, ಅತ್ತೆ ಕೆಲಸದಿಂದ ಬಂದ ಹೊತ್ತಿಗೆ, ಮೆಟ್ಟಿಲ ಮೇಲೆ ನನ್ನನ್ನು ಹಿಡಿದು ನಿಲ್ಲಿಸಿದಳು. ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗದಷ್ಟು ಸಂತೋಷ ಅವಳಿಗೆ. "ಮೂರು ಮೂರು ತೂಗು. ಯಾವ ಕಡೆ ಇಳೀತದೋ ಆ ಮೂರರಾಗ ಒಂದೊಂದು ತೂಗು. ಸಮ ಬಂದ್ರ, ಕೆಳಗ ಇಟ್ಟಿದ್ದೇ ಭಾರ!" ಮೊದಲ ಸಲವೇ ಸಮ ಬಂದರೆ ಹೊರಗುಳಿದ ಮೂರರಲ್ಲಿ ಹಾಗೇ ಮಾಡುವುದು. ಎಷ್ಟು ಸುಲಭ! ನಿಯಮ ಮುರಿದು ಅವಳು ಅದನ್ನು ನನಗೆ ಹೇಳಿದ್ದು ನಾನು ಅವಳ ಗೆಳತಿ ಎಂಬ ಒಂದೇ ಕಾರಣಕ್ಕೆ. ನಾನು ಮಾಡಿದ್ದೇನೆಂದರೆ, ಅವಳು ಚಪ್ಪಲಿ ಬಿಡುವಷ್ಟರಲ್ಲಿ ಮೇಲಕ್ಕೆ ಓಡಿ ಅತ್ತೆಯ ಕಿವಿಗೆ ಬಾಯಿ ಹಚ್ಚಿದೆ.

ತಕ್ಕಡಿಯಲ್ಲಿ ತೂಗಿಯೂ ತೋರಿಸಿದೆ. ಅತ್ತೆ ಉಂಡಿ ಕೊಟ್ಟಳು. ಬಾಗಿಲಲ್ಲಿ ಬಂದು ನಿಂತಿದ್ದ ಶುಭಾಂಗಿಯನ್ನು ಒಮ್ಮೆ ನೋಡಿ, ನನ್ನ ಕಡೆ ತಿರುಗಿ ತಣ್ಣಗೆ ಕೇಳಿದಳು: "ಹತ್ತು ಗುಂಡು ಇದ್ದಿದ್ರ ಏನು ಮಾಡ್ತಿದ್ದಿ?" ನನಗೆ ಗೊತ್ತಿರಲಿಲ್ಲ. ಶುಭಾಂಗಿಗೆ ಗೊತ್ತಿತ್ತು, ಅವಳ ಕಣ್ಣಲ್ಲೇ ಕಾಣುತ್ತಿತ್ತು. ಆದರೆ ಅವಳು ಹೊರಳಿ ಮೆಟ್ಟಿಲಿಳಿದಳು, ಮುಂದಿನ ಗುರುವಾರದಿಂದ ಬರುವುದನ್ನೇ ಬಿಟ್ಟಳು. ಕೆಳಗೆ ಹೋಗಿ ತಪ್ಪಾಯಿತು ಎನ್ನಲು ಹದಿನಾರೇ ಮೆಟ್ಟಿಲು ಇದ್ದವು. ನಾನು ಇಳಿಯಲಿಲ್ಲ. ವರ್ಷದೊಳಗೆ ಅವರು ಬೇರೆ ಬಡಾವಣೆಗೆ ಹೋದರು. ನನ್ನ ಬಗ್ಗೆ ನನಗೆ ನಾಚಿಕೆಯಾಗುವ ಸಂಗತಿಗಳಲ್ಲಿ ಇಂದಿಗೂ ಇದೇ ಮೊದಲನೆಯದು.

ಆ ಕಟ್ಟಡ ಈಗ ಇಲ್ಲ, ಅಲ್ಲೊಂದು ಗೋಪುರದಂಥ ಕಟ್ಟಡ ಎದ್ದಿದೆ. ನಾವು ದೊಡ್ಡವರಾದ ಎಷ್ಟೋ ವರ್ಷಗಳ ಮೇಲೆ, ಅದನ್ನು ಕೆಡವುವ ಮೊದಲು, ಮನೆ ಖಾಲಿ ಮಾಡಿ ಪಾಂಡುವಿನ ಜೊತೆ ಇರಲು ಹೊರಟ ದಿನ ಅತ್ತೆ ಡಬ್ಬಿಯನ್ನೂ ತಕ್ಕಡಿಯನ್ನೂ ನನ್ನ ಕೈಗಿತ್ತಳು. "ಇದು ನಿಂದು ಕಡೀ ಲೆಕ್ಕ. ಹನ್ನೆರಡು ಗುಂಡು, ಒಂದು ಬ್ಯಾರೆ. ಅದು ಭಾರನೋ ಹಗುರನೋ ನಾ ಹೇಳಂಗಿಲ್ಲ. ಮೂರು ಸಲ ತೂಗಿ ಹುಡುಕು." ನನ್ನ ಮನೆಗೆ ಬಂದು ಎಣಿಸಿದರೆ ಹನ್ನೊಂದೇ ಇದ್ದವು. ಫೋನ್ ಮಾಡಿ, "ಅತ್ತಿ, ಒಂದು ಕಡಿಮಿ ಅದ," ಎಂದೆ. "ಹೌದಾ? ಎಲ್ಲೆ ಹೋಗಿರಬಹುದು ಅಂತ ಚೂರು ವಿಚಾರ ಮಾಡು," ಎಂದಳು. ಅಯ್ಯೋ, ಅತ್ತೆಗೆ ಮರೆವು ಶುರುವಾಯಿತು ಎಂದುಕೊಂಡೆ. ಜೀವನವಿಡೀ ಗುಂಡುಗಳನ್ನೇ ಎಣಿಸಿದವಳು ಹನ್ನೊಂದನ್ನು ಹನ್ನೆರಡು ಎಂದಾಳೇ ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ. ಭೇಟಿಯಾದಾಗಲೆಲ್ಲ ಅವಳು, "ಲೆಕ್ಕ ಎಲ್ಲೀತನಾ ಬಂತು?" ಎಂದು ಕೇಳುತ್ತಿದ್ದಳು. ಗುಂಡು ಕಳೆದಿದೆ ಎಂದು ನಾನು ನಗುತ್ತಿದ್ದೆ. ಅವಳು ನಗುತ್ತಿರಲಿಲ್ಲ.

ಕಳೆದ ಆಷಾಢದಲ್ಲಿ ಅತ್ತೆ ಹೋದಳು. ಹದಿಮೂರನೆಯ ದಿನ ಪಾಂಡುವಿನ ಮನೆಗೆ ಬಂದವರಲ್ಲಿ ಕನ್ನಡಕ ಹಾಕಿದ, ಕೂದಲು ನರೆತ ಹೆಂಗಸೊಬ್ಬಳು ನನ್ನ ಪಕ್ಕದಲ್ಲಿ ಬಂದು ಕೂತಳು. ಜಡೆಯ ತುದಿಯನ್ನು ತುಟಿಗೆ ಒಯ್ದಾಗ ಗೊತ್ತಾಯಿತು. ಅವಳು ವರ್ಷಕ್ಕೆರಡು ಸಲವಾದರೂ ಅತ್ತೆಯನ್ನು ನೋಡಲು ಬರುತ್ತಿದ್ದಳಂತೆ. ಪರ್ಸಿನಿಂದ ಕರವಸ್ತ್ರದ ಗಂಟೊಂದನ್ನು ತೆಗೆದು ನನ್ನ ಅಂಗೈಯಲ್ಲಿಟ್ಟಳು. ಬಿಚ್ಚುವ ಮೊದಲೇ ಎಣ್ಣೆಯ ವಾಸನೆ ಬಂತು.

"ಆತ್ಯಾ ಮುದ್ದಾಂ, ಬೇಕಂತನ, ನನ್ನ ಕಡೆ ಇಟ್ಟಿದ್ರು," ಎಂದಳು ಶುಭಾಂಗಿ; ಅತ್ತೆ ಅವಳಿಗೆ ಮೊದಲಿಂದಲೂ ಮರಾಠಿಯ ಆತ್ಯಾ. "'ಅಕಿ ನಿನ್ನ ಹುಡುಕ್ಕೋತ ಬಂದಾಗ ಕೊಡು' ಅಂದಿದ್ರು. ಹನ್ನೊಂದು ವರ್ಷ ಆತು. ನೀ ಬರಲೇ ಇಲ್ಲ."

"ಆ ಒಂಬತ್ತು ಗುಂಡಿನ ಉತ್ತರ ನಿಂದು," ಎಂದೆ.

"ಗೊತ್ತದ ಮಾರಾಯ್ತಿ. ಆತ್ಯಾಗೂ ಗೊತ್ತಿತ್ತು."

ಮುಂದಿನ ಗುರುವಾರ ಅವಳು ನನ್ನ ಮನೆಗೆ ಬಂದಳು. ಚಾಪೆ ಹಾಸಿ, ತಕ್ಕಡಿ ಒರೆಸಿ, ಹನ್ನೆರಡೂ ಗುಂಡುಗಳನ್ನು ಸುರಿದೆವು. ಫೋನಿನಲ್ಲಿ ಹುಡುಕಿದರೆ ಉತ್ತರ ಸಿಗುತ್ತದೆ ಎಂದು ನಮಗಿಬ್ಬರಿಗೂ ಗೊತ್ತಿತ್ತು, ಇಬ್ಬರೂ ಫೋನನ್ನು ಅಡಿಗೆಮನೆಯಲ್ಲಿಟ್ಟು ಬಂದೆವು. ಮೂರು ಗುರುವಾರ ಕಳೆದವು. ನಾಲ್ಕನೆಯ ಗುರುವಾರ, ಟೀ ಆರುತ್ತಿದ್ದಾಗ, ಮೊದಲ ತೂಕದಲ್ಲಿ ಎಷ್ಟನ್ನು ಹೊರಗಿಡಬೇಕು ಎಂಬುದು ನನಗೆ ಥಟ್ಟನೆ ಹೊಳೆಯಿತು. ನನ್ನ ಮುಖ ನೋಡಿದವಳೇ ಶುಭಾಂಗಿ, "ಸಾಂಗೂ ನಕೋಸ್! ಹೇಳಬ್ಯಾಡ!" ಎಂದು ಕೂಗಿ ಗೋಡೆಯ ಕಡೆ ತಿರುಗಿ, ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು. ಮೂರನೆಯ ತೂಕಕ್ಕೆ ಗುಂಡು ಸಿಕ್ಕಿತು. ಅದು ಡಬ್ಬಿಯದೋ ಕರವಸ್ತ್ರದ್ದೋ, ಭಾರವೋ ಹಗುರವೋ, ನಿಮಗೂ ಹೇಳುವಂತಿಲ್ಲ. ಹಳೆಯ ಅಭ್ಯಾಸದಂತೆ ಎದ್ದು, ಅಂಗೈಯಲ್ಲಿ ಗುಂಡು ಹಿಡಿದು, ಅತ್ತೆ ಬಂದಾಗಲೆಲ್ಲ ಕೂರುತ್ತಿದ್ದ ಕುರ್ಚಿಯವರೆಗೂ ಹೋಗಿ, ಕಿವಿಯಲ್ಲಿ ಉತ್ತರ ಹೇಳಲು ಬಗ್ಗಿದೆ. ಕುರ್ಚಿ ಖಾಲಿ ಇತ್ತು. ಹಿಂದೆ ಶುಭಾಂಗಿ ಇನ್ನೂ ಕಿವಿ ಮುಚ್ಚಿಕೊಂಡೇ ಕೂತಿದ್ದಳು.