ಜೋಗಕ್ಕೆ ನಲವತ್ತು ನಿಮಿಷ

ಇಟ್ಟಮಡುವಿನ ಮರುಳಸಿದ್ದಪ್ಪನವರು ಕೂತಲ್ಲಿ ಕೂರುವ ಜಾಯಮಾನದವರಲ್ಲ. ಮದುವೆಮನೆಗೆ ಹೋದರೆ ಬಾಗಿಲ ಪಕ್ಕದ ಕುರ್ಚಿಯೇ ಬೇಕು. ಹೋಟೆಲಿಗೆ ಹೋದರೆ ದೋಸೆ ಬರುವ ಮೊದಲೇ ಬಿಲ್ ಕೇಳುತ್ತಾರೆ. ಹಾಲಿನವನು ಆರು ನಿಮಿಷ ತಡ ಮಾಡಿದರೆ ಗೇಟಿನ ಹತ್ತಿರ ನಿಂತು ಅವನನ್ನು ಒಂದು ನೋಟ ನೋಡುತ್ತಾರೆ. ಅದಕ್ಕಿಂತ ಬೈಸಿಕೊಳ್ಳುವುದೇ ಮೇಲು ಅಂತ ಅವನು ಬೀದಿಯೆಲ್ಲ ಹೇಳಿಕೊಂಡು ಬಂದಿದ್ದಾನೆ. ಪಾಪ, ತಪ್ಪು ಅವರದಲ್ಲ. ಮೂವತ್ತೊಂದು ವರ್ಷ ಬನಶಂಕರಿ ಬಸ್ ನಿಲ್ದಾಣದಲ್ಲಿ ಕೂತು, ಯಾವ ಬಸ್ಸು ಎಷ್ಟಕ್ಕೆ ಬಂತು, ಎಷ್ಟಕ್ಕೆ ಹೊರಟಿತು ಎಂದು ಬರೆದುಕೊಂಡ ಟೈಂ ಕೀಪರ್ ಅವರು. ಊರನ್ನೆಲ್ಲ ಹೊತ್ತಿಗೆ ಸರಿಯಾಗಿ ಸಾಗಹಾಕಿದ ಈ ಪುಣ್ಯಾತ್ಮರು ಹೆಂಡತಿಯನ್ನು ಮಾತ್ರ ಊರು ತೋರಿಸಲು ಸಿದ್ಧಗಂಗೆಯ ಆಚೆಗೆ ಕರೆದುಕೊಂಡು ಹೋಗಿರಲಿಲ್ಲ.

ಹೆಂಡತಿ ಮೀನಾಕ್ಷಮ್ಮನವರದು ಒಂದೇ ಆಸೆ: ಜೋಗ ನೋಡಬೇಕು. ನೋಡಿಲ್ಲವೇ ಅಂದರೆ ಹೋಗಿದ್ದಾರೆ, ನೋಡಿಲ್ಲ. ಏಳನೇ ಕ್ಲಾಸಿನಲ್ಲಿ ತರೀಕೆರೆ ಕಡೆಯ ಅವರ ಶಾಲೆಯಿಂದ ಟೂರ್ ಹೋಗಿತ್ತು. ಹೋದಾಗ ಬರೀ ಮಂಜು. ಮೇಷ್ಟ್ರು ಮಕ್ಕಳ ತಲೆ ಎಣಿಸಿ ಇಳಿಸಿದರು, ಮಂಜು ತೋರಿಸಿದರು, ಮತ್ತೆ ತಲೆ ಎಣಿಸಿ ಬಸ್ಸಿಗೆ ತುಂಬಿದರು. "ಸದ್ದು ಕೇಳ್ತು ಕಣ್ರೀ, ನೀರು ಕಾಣ್ಲಿಲ್ಲ" ಎಂದು ಮದುವೆಯಾದ ಹೊಸದರಲ್ಲಿ ಗಂಡನಿಗೆ ಹೇಳಿದ್ದರು. ಆಮೇಲೂ ವರ್ಷಕ್ಕೊಂದು ಸಲ ಹೇಳುತ್ತಲೇ ಬಂದರು.

"ರಿಟೈರ್ ಆಗ್ಲಿ ತಡಿ" ಎಂದಿದ್ದ ಮರುಳಸಿದ್ದಪ್ಪನವರು ರಿಟೈರ್ ಆಗಿಯೂ ನಾಲ್ಕು ವರ್ಷವಾಯಿತು. ಪ್ಲ್ಯಾನು ಮಾಡಲಿಲ್ಲ ಅಂತಲ್ಲ. ಪ್ಲ್ಯಾನು ಮಾಡಿದ್ದೇ ಮಾಡಿದ್ದು. ಆದರೆ ಜೋಗದಲ್ಲೊಂದು ಕಷ್ಟವಿದೆ. ಬೇಸಿಗೆಯಲ್ಲಿ ಹೋದರೆ ಮಂಜಿಲ್ಲ, ನೀರೂ ಇಲ್ಲ. ಮಳೆಗಾಲದಲ್ಲಿ ನೀರಿದೆ, ಆ ನೀರನ್ನು ಮುಚ್ಚುವುದಕ್ಕೆ ಮಂಜೂ ಇದೆ. ಶನಿವಾರ ಭಾನುವಾರ ಜನ, ಲಾಡ್ಜಿನವರು ಬಾಯಿಗೆ ಬಂದ ರೇಟು ಹೇಳುತ್ತಾರೆ. ಸಾಗರದಲ್ಲಿದ್ದ ಹಳೆಯ ಪರಿಚಯದ ಡ್ರೈವರ್ ಸಿದ್ದರಾಜುಗೆ ವಾರಕ್ಕೆರಡು ಸಲ ಫೋನು ಮಾಡಿ "ನೀರು ಹೆಂಗಿದೆ?" ಎಂದು ಕೇಳುವುದು, ಅವನು ಏನು ಹೇಳಿದರೂ "ಇನ್ನೊಂದು ವಾರ ನೋಡೋಣ" ಎನ್ನುವುದು. ಕೊನೆಗೆ ಸಿದ್ದರಾಜು ಫೋನೆತ್ತುವುದನ್ನೇ ಬಿಟ್ಟ.

ಈ ಜುಲೈನಲ್ಲಿ ಮೀನಾಕ್ಷಮ್ಮ ಅವರೆಕಾಳು ನೆನೆಹಾಕುತ್ತಾ ಹೇಳಿದರು: "ಈ ಸಲ ಇಲ್ಲ ಅಂದ್ರೆ ನಾನೊಬ್ಳೇ ಹೋಗ್ತೀನಿ. ನನಗೆ ಬಸ್ ಫ್ರೀ. ಆಧಾರ್ ಕಾರ್ಡ್ ಸಾಕು, ನೀವು ಬೇಡ."

ಮರುಳಸಿದ್ದಪ್ಪನವರಿಗೆ ಇದು ಚುರ್ರೆಂದಿತು. ಅವತ್ತೇ ಕನ್ನಡಕ ಏರಿಸಿ ಕೂತು, ಹಳೆಯ ಲಗ್ನಪತ್ರಿಕೆಯ ಹಿಂಬದಿಯಲ್ಲಿ ಪಟ್ಟಿ ಹಾಕಿದರು. ಹೆಂಡತಿಗೆ ಟಿಕೆಟ್ಟಿಲ್ಲ. ಊಟ ಮನೆಯದೇ: ಚಪಾತಿ, ಚಟ್ನಿಪುಡಿ, ಚಿತ್ರಾನ್ನ. ಹೋಗುವುದು ಬರುವುದು ಒಂದೇ ಏಟಿಗೆ ಮುಗಿದರೆ ಲಾಡ್ಜೂ ಬೇಕಿಲ್ಲ. ಬೆಳಗ್ಗೆ ಮೆಜೆಸ್ಟಿಕ್ ಬಿಟ್ಟು ಶಿವಮೊಗ್ಗ, ಅಲ್ಲಿಂದ ಸಾಗರ, ಅಲ್ಲಿಂದ ಜೋಗ. ಮೂರೂ ಮುಕ್ಕಾಲಿಗೆ ಇಳಿಯುವುದು, ನಾಲ್ಕೂ ಇಪ್ಪತ್ತೈದಕ್ಕೆ ವಾಪಸ್ ಹತ್ತುವುದು. ಪ್ರತಿ ಬಸ್ಸಿನ ಪಕ್ಕದಲ್ಲೂ, ಅದು ತಪ್ಪಿದರೆ ಹಿಡಿಯಬೇಕಾದ ಬದಲಿ ಬಸ್ಸನ್ನು ಕೆಂಪು ಶಾಯಿಯಲ್ಲಿ ಬರೆದರು. ಜೋಗದಿಂದ ಹೊರಡುವುದಕ್ಕೆ ಮಾತ್ರ ಬದಲಿ ಸಿಗಲಿಲ್ಲ. ಅದು ತಪ್ಪಿದರೆ ಸಾಗರದ್ದು ತಪ್ಪಿತು, ಸಾಗರದ್ದು ತಪ್ಪಿದರೆ ಬೆಂಗಳೂರಿನದೂ ತಪ್ಪಿತು.

ಜೆ.ಪಿ. ನಗರದಿಂದ ಬಂದಿದ್ದ ಮಗಳು ಐಶ್ವರ್ಯ ಪಟ್ಟಿ ನೋಡಿ ಹಣೆ ಚಚ್ಚಿಕೊಂಡಳು. "ಅಪ್ಪಾ, ಇಡೀ ದಿನ ಬಸ್ಸು, ಜೋಗಕ್ಕೆ ನಲವತ್ತು ನಿಮಿಷನಾ? ಕಾರ್ ಮಾಡ್ಕೊಡ್ತೀನಿ, ಒಂದಿನ ಉಳ್ಕೊಂಡು ಬನ್ನಿ."

"ನಿನ್ನ ದುಡ್ಡು ನಿನ್ಹತ್ರಾನೇ ಇರ್ಲಿ. ನೀರು ಮೇಲಿಂದ ಕೆಳಗೆ ಬೀಳತ್ತೆ. ಅದನ್ನ ನೋಡಕ್ಕೆ ಎಷ್ಟೊತ್ತು ಬೇಕು?"

"ಮಂಜಿದ್ರೆ?"

"ನಲವತ್ತು ನಿಮಿಷದಲ್ಲಿ ಒಂದ್ಸಲನಾದ್ರೂ ಸರಿಯತ್ತೆ ಬಿಡು."

ಎಲ್ಲಿ ಬಾಯಿಬಿಟ್ಟರೆ ಇದೂ ನಿಂತುಹೋಗುತ್ತದೋ ಎಂದು ಮೀನಾಕ್ಷಮ್ಮ ಚಟ್ನಿಪುಡಿಗೆ ಮೆಣಸಿನಕಾಯಿ ಹುರಿಯಲು ಎದ್ದರು.

ಬುಧವಾರ ಹೊರಟರು. ದಾರಿಯುದ್ದಕ್ಕೂ ಮರುಳಸಿದ್ದಪ್ಪನವರ ಕಣ್ಣು ಗಡಿಯಾರದ ಮೇಲೆಯೇ. ತಿಪಟೂರಿನಲ್ಲಿ ಟೀ ಕುಡಿಯಲು ಇಳಿದ ಡ್ರೈವರನ ಹಿಂದೆಯೇ ಹೋಗಿ ನಿಂತು, ಅವನು ಲೋಟ ಇಡುವವರೆಗೂ ಕಾದರು. ಶಿವಮೊಗ್ಗದಲ್ಲಿ ಬಸ್ಸು ಹನ್ನೊಂದು ನಿಮಿಷ ತಡವಾಗಿ ಹೊರಟಾಗ ಕಂಡಕ್ಟರಿಗೆ ಪಾಠ ಮಾಡಿದರು. "ಅಂಕಲ್, ನೀವು ಕೂತ್ಕೊಳಿ, ಬಸ್ಸು ತಾನಾಗೇ ಹೋಗತ್ತೆ" ಎಂದ ಅವನು. ಹೆಂಡತಿ ಚಪಾತಿ ಸುತ್ತಿ ಕೊಟ್ಟದ್ದನ್ನು ತಿಂದರೋ ಬಿಟ್ಟರೋ ಅವರಿಗೇ ನೆನಪಿಲ್ಲ.

ಜೋಗದಲ್ಲಿ ಇಳಿದಾಗ ಮೂರು ಗಂಟೆ ಐವತ್ತು ನಿಮಿಷ. ಕಟಕಟೆಯ ಮುಂದೆ ಮಂಜು ಗೋಡೆಯಂತೆ ನಿಂತಿತ್ತು. ಅದರೊಳಗಿಂದ ಸದ್ದು ಮಾತ್ರ ಬರುತ್ತಿತ್ತು, ಎದೆಗೇ ಬಂದು ಬಡಿಯುವಂಥ ಸದ್ದು. ಮೀನಾಕ್ಷಮ್ಮ ಕಂಬಿ ಹಿಡಿದು ನಿಂತರು. ಮರುಳಸಿದ್ದಪ್ಪನವರು ನಾಲ್ಕು ಹೆಜ್ಜೆ ಆ ಕಡೆ, ನಾಲ್ಕು ಹೆಜ್ಜೆ ಈ ಕಡೆ. ನಾಲ್ಕು ಗಂಟೆಯಾಯಿತು. ನಾಲ್ಕೂ ಹತ್ತಾಯಿತು. ಕೊಡೆ ಹಿಡಿದ ಜನ ಬಂದು, ಮಂಜಿನ ಮುಂದೆ ಫೋಟೋ ತೆಗೆಸಿಕೊಂಡು ಹೋಗುತ್ತಿದ್ದರು.

"ಬೆಳಗ್ಗಿಂದ ತಡ್ಕೊಂಡಿದೀನಿ. ಬಾತ್‌ರೂಮಿಗೆ ಹೋಗಿ ಬಂದ್ಬಿಡ್ತೀನಿ. ಎರಡೇ ನಿಮಿಷ" ಎಂದರು ಮೀನಾಕ್ಷಮ್ಮ. ದಾರಿಯಲ್ಲಿ ಅದಕ್ಕೂ ಇಳಿಯಲು ಗಂಡ ಬಿಟ್ಟಿರಲಿಲ್ಲ.

ಅವರು ಆ ಕಡೆ ಹೋದರು. ಈ ಕಡೆ ಗಾಳಿ ಬೀಸಿತು.

ಮೊದಲು ಒಂದು ಬಂಡೆ ಕಂಡಿತು. ಆಮೇಲೆ ಮಂಜು ಯಾರೋ ಪರದೆ ಎಳೆದಂತೆ ಎಡಕ್ಕೆ ಸರಿಯಿತು. ನಾಲ್ಕೂ ಧಾರೆ ಒಟ್ಟಿಗೇ, ಮೇಲಿನಿಂದ ತಳದವರೆಗೆ! ನೀರು ಕೆಂಪಗೆ, ಬೆಳ್ಳಗೆ, ಬೀಳುತ್ತಲೇ ಇತ್ತು. ಮರುಳಸಿದ್ದಪ್ಪನವರ ಕಾಲು ನಿಂತಿತು. ಬಾಯಿ ತೆರೆದುಕೊಂಡಿತು. ಇಷ್ಟು ದೊಡ್ಡದೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಅವರು ಕೇಳಿಸಿಕೊಂಡಿರಲಿಲ್ಲ. "ಮೀನಾಕ್ಷೀ!" ಎಂದು ಕೂಗಿದರು. ನೀರಿನ ಸದ್ದಿನಲ್ಲಿ ಆ ಕೂಗು ಪಕ್ಕದವರಿಗೇ ಕೇಳಲಿಲ್ಲ. ಓಡಿಹೋಗಿ ಕರೆಯಬೇಕೆಂದು ತಿರುಗುವಷ್ಟರಲ್ಲಿ ಮಂಜು ಮತ್ತೆ ಮುಚ್ಚಿತು.

ಮೀನಾಕ್ಷಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದರು. "ಬಂತಾ?"

ಇಲ್ಲ ಎಂದರೆ ಮುಗಿಯುತ್ತಿತ್ತು. ಇಬ್ಬರಿಗೂ ಕಾಣಲಿಲ್ಲ ಎಂದುಕೊಂಡು ಬಸ್ಸು ಹತ್ತಬಹುದಿತ್ತು. ಆದರೆ ಇಷ್ಟು ವರ್ಷ ಬಂದದ್ದನ್ನು ಬಂತು ಎಂದೇ ಬರೆದವರ ನಾಲಗೆ ಸುಳ್ಳಿಗೆ ಹೊರಳಲಿಲ್ಲ.

"ಬಂತು. ಪೂರ್ತಿ ಕಾಣಿಸ್ತು."

"ನೀವೊಬ್ರೇ ನೋಡಿದ್ರಾ?" ಎಂದರು ಆಕೆ. ಅಷ್ಟರಲ್ಲಿ ಹಿಂದಿನಿಂದ ಬಸ್ಸಿನ ಹಾರನ್ ಕೇಳಿಸಿತು. ಮೀನಾಕ್ಷಮ್ಮ ಬಗ್ಗಿ ಊಟದ ಚೀಲ ಎತ್ತಿಕೊಂಡರು. "ನಡೀರಿ. ನಿಮ್ ಬಸ್ಸು ಹೋಗತ್ತೆ."

ಅಳುತ್ತಲೋ ಜಗಳವಾಡುತ್ತಲೋ ಹೇಳಿದ್ದರೆ ಮರುಳಸಿದ್ದಪ್ಪನವರು ತಡೆದುಕೊಳ್ಳುತ್ತಿದ್ದರು. ಆಕೆ ಬೇಜಾರನ್ನೂ ತೋರಿಸದೆ, ಹನ್ನೆರಡು ವರ್ಷದ ಹುಡುಗಿ ಮೇಷ್ಟ್ರ ಮಾತಿಗೆ ಬಸ್ಸಿನತ್ತ ಹೊರಡುವಂತೆ ಹೊರಟುಬಿಟ್ಟಿದ್ದರು. ಅದು ಅವರ ಕರುಳಿಗೆ ತಾಗಿತು. ಚೀಲವನ್ನು ಆಕೆಯ ಕೈಯಿಂದ ಕಿತ್ತುಕೊಂಡು ಒದ್ದೆ ಕಲ್ಲುಬೆಂಚಿನ ಮೇಲೆ ಇಟ್ಟರು.

"ಕೂತ್ಕೋ."

"ಬಸ್ಸು ರೀ!"

"ಹಾಳಾಗ್ ಹೋಗ್ಲಿ. ಅದೇನು ಅಂತ ನಿಂಗೊತ್ತಿಲ್ಲ ಮೀನಾಕ್ಷಿ. ನೀನು ನೋಡ್ಬೇಕು. ನೋಡ್ದೆ ಏಳಂಗಿಲ್ಲ."

ಬಸ್ಸು ಇನ್ನೊಂದು ಸಲ ಹಾರನ್ ಹೊಡೆದು, ಗೇರು ಬದಲಿಸಿ ಹೊರಟುಹೋಯಿತು. ಸರಿಯಾಗಿ ನಾಲ್ಕೂ ಇಪ್ಪತ್ತೈದು. ಮರುಳಸಿದ್ದಪ್ಪನವರು ತಿರುಗಿ ನೋಡಲಿಲ್ಲ. ತಾವೇ ಬೆಂಚಿನ ಮೇಲೆ ಕೂತು ಮಂಜಿನ ಕಡೆಗೇ ಕಣ್ಣು ನೆಟ್ಟಿದ್ದರು, ಬೆರಳುಗಳು ಮಾತ್ರ ತೊಡೆಯ ಮೇಲೆ ಕುಣಿಯುತ್ತಿದ್ದವು.

"ಇವತ್ತು ಕಾಣ್ದಿದ್ರೆ?" ಎಂದರು ಮೀನಾಕ್ಷಮ್ಮ.

"ನಾಳೆ."

"ರಾತ್ರಿ ಎಲ್ಲಿರೋದು?"

"ಗೊತ್ತಿಲ್ಲ."

ಮೂವತ್ತಾರು ವರ್ಷದ ಸಂಸಾರದಲ್ಲಿ ಮೀನಾಕ್ಷಮ್ಮ ಗಂಡನ ಬಾಯಿಂದ ಆ ಮಾತು ಕೇಳಿದ್ದು ಅದೇ ಮೊದಲು. ಒಂದು ಗಳಿಗೆ ಅವರ ಮುಖ ನೋಡಿದರು. ಆಮೇಲೆ ಚಪ್ಪಲಿ ಬಿಚ್ಚಿ, ಕಾಲು ಮಡಿಸಿ, ಬೆಂಚಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು.